ಬಸವನಹುಳುವಿನ ಹಬ್ಬಕ್ಕೆ ಹೋಗಿ ಬಂದೆ: ಇಟಲಿಯ ಈ ‘ಸಾಗ್ರಾ’ ನಿಜಕ್ಕೂ ಎಷ್ಟು ಹಳೆಯದು?

ಕೆಂಪುಮಣ್ಣು (ಲೆಚ್ಚೆ)

ಇಟಲಿಯ ಭೂಪಟ ಬೂಟಿನ ಹಾಗಿದೆ ಎಂದು ಶಾಲೆಯಲ್ಲಿ ಓದಿದ್ದೇವಲ್ಲ, ಆ ಬೂಟಿನ ಹಿಮ್ಮಡಿಯಲ್ಲಿ ಎರಡು ವರ್ಷದಿಂದ ಇದ್ದೇನೆ. ಸೀಮೆಯ ಹೆಸರು ಸಾಲೆಂತೊ. ಮಣ್ಣು ನಮ್ಮ ಕಡೆಯಷ್ಟೇ ಕೆಂಪು, ಬೇಸಿಗೆ ಮಾತ್ರ ನಮ್ಮ ಕಡೆಗಿಂತ ಕ್ರೂರ. ಕಳೆದ ಆಗಸ್ಟ್‌ನಲ್ಲಿ ಪಕ್ಕದ ಮನೆಯ ಅಜ್ಜಿ ನನ್ನನ್ನು ಕಾನ್ನೊಲೆ ಎಂಬ ಹಳ್ಳಿಯ ಸಾಗ್ರಾಕ್ಕೆ ಎಳೆದುಕೊಂಡು ಹೋದರು. ಸಾಗ್ರಾ ಎಂದರೆ ಊರಹಬ್ಬ. ಆದರೆ ದೇವರ ಜಾಗದಲ್ಲಿ ಒಂದು ತಿನಿಸು ಕುಳಿತಿರುತ್ತದೆ. ಒಂದೂರಿಗೆ ಈರುಳ್ಳಿ, ಇನ್ನೊಂದೂರಿಗೆ ಹಂದಿ, ಮತ್ತೊಂದಕ್ಕೆ ದ್ರಾಕ್ಷಿ. ಕಾನ್ನೊಲೆಗೆ ಬಸವನಹುಳು.

ನಾನು ಅಡಿಕೆ ತೋಟದ ಮನೆಯವನು. ಮಳೆಗಾಲದಲ್ಲಿ ಅಪ್ಪನ ಜೊತೆ ಟಾರ್ಚ್ ಹಿಡಿದು, ಉಪ್ಪಿನ ಡಬ್ಬಿ ಹಿಡಿದು ಈ ಹುಳುವಿನ ಮೇಲೆ ಯುದ್ಧ ಸಾರಿದವನು. ಇಲ್ಲಿ ಅದರ ನೆಂಟನಿಗೆ ದೀಪಾಲಂಕಾರ, ವಾದ್ಯ, ಊರಿಗೆ ಊರೇ ಸರದಿಯಲ್ಲಿ ನಿಂತ ಮರ್ಯಾದೆ! ಬೇಸಿಗೆಯಲ್ಲಿ ಈ ಜಾತಿಯ ಹುಳು ಮಣ್ಣಿನೊಳಗೆ ಇಳಿದು, ಚಿಪ್ಪಿನ ಬಾಯಿಗೆ ಬಿಳಿಯ ಪೊರೆ ಕಟ್ಟಿಕೊಂಡು ಮಲಗುತ್ತದೆ. ಕಂದು ಚಿಪ್ಪು, ಬಿಳಿ ಪೊರೆ: ನೋಡಿದವರಿಗೆ ಕ್ರೈಸ್ತ ಸನ್ಯಾಸಿನಿಯ ಉಡುಪು ನೆನಪಾಗಿದೆ. ಹಾಗಾಗಿ ಹೆಸರು ‘ಮುನಿಚೆಡ್ಡ’, ಅಂದರೆ ಪುಟ್ಟ ಸನ್ಯಾಸಿನಿ. ಆ ‘ಡ್ಡ’ ನಮ್ಮ ‘ದೊಡ್ಡ’ದಲ್ಲಿರುವ ಡ್ಡವೇ. ಮಿಲಾನಿನಿಂದ ಬಂದ ನನ್ನ ಸಹಪಾಠಿಗೆ ಅದು ನಾಲಿಗೆಯಲ್ಲಿ ಹೊರಳುವುದಿಲ್ಲ. ನಾನು ಮೊದಲ ಸಲಕ್ಕೇ ಸರಿಯಾಗಿ ಹೇಳಿದ್ದಕ್ಕೆ ಅಜ್ಜಿ ಸುತ್ತಲಿನವರಿಗೆಲ್ಲ ಸಾರಿ, ಇನ್ನೊಂದು ತಟ್ಟೆ ತರಿಸಿದರು. ಭಾಷೆ ಬಂದರೆ ಇಂಥ ಕಷ್ಟವೂ ಬರುತ್ತದೆ.

ಎಣ್ಣೆ, ಈರುಳ್ಳಿ, ಬಿಳಿ ವೈನ್, ಲಾರೆಲ್ ಎಲೆ ಹಾಕಿ ಬೇಯಿಸಿರುತ್ತಾರೆ. ಹಲ್ಲುಕಡ್ಡಿಯಿಂದ ಚುಚ್ಚಿ ಎಳೆಯಬೇಕು. ಐದು ತಿಂದೆ, ಆರನೆಯದನ್ನು ನೋಡುವಾಗ ತೋಟ ನೆನಪಾಯಿತು, ಬಿಟ್ಟೆ. ರಾತ್ರಿಯಿಡೀ ಪಿತ್ಸಿಕಾ ಕುಣಿತ. ನಮ್ಮ ದಮ್ಮಡಿಯಂಥ ತಂಬುರೆಲ್ಲೊ ಬಾರಿಸುತ್ತಾ ಒಂದೇ ಸಮ ಓಡುವ ತಾಳ.

ಪ್ರಶ್ನೆ ಇಷ್ಟೇ. ಅಜ್ಜಿ ‘ಇದು ನಮ್ಮ ಹಿರಿಯರದು’ ಎನ್ನುತ್ತಾರೆ. ಆದರೆ ಸಾಗ್ರಾ ಶುರುವಾಗಿ ಕೆಲವು ದಶಕಗಳಷ್ಟೇ ಆಗಿವೆ. ಹಾಗಾದರೆ ಇದು ಸಂಪ್ರದಾಯವೋ, ಪ್ರವಾಸಿಗರಿಗೆ ಹಾಕಿದ ಚಪ್ಪರವೋ? ಇಟಲಿಯಲ್ಲಿ ಬಹಳ ವರ್ಷ ಇರುವವರು ಹೇಳಿ.

ಪೋ ಬಯಲು (ರೆಜ್ಜೊ ಎಮಿಲಿಯಾ)

ಹನ್ನೊಂದು ವರ್ಷ ಉತ್ತರದಲ್ಲಿ ಇದ್ದೇನೆ, ಬೇಸಿಗೆಯಲ್ಲಿ ವಾರಕ್ಕೆ ಎರಡು ಸಾಗ್ರಾ ತಿಂದ ಅನುಭವವಿದೆ.

ಮೊದಲು ಪದದಿಂದ ಶುರು ಮಾಡೋಣ. ಸಾಗ್ರಾ ಬಂದದ್ದು ‘ಪವಿತ್ರ’ ಎನ್ನುವ ಲ್ಯಾಟಿನ್ ಮಾತಿನಿಂದ. ಊರಿನ ಇಗರ್ಜಿಯನ್ನು ದೇವರಿಗೆ ಅರ್ಪಿಸಿದ ದಿನದ ಉತ್ಸವಕ್ಕೆ ಆ ಹೆಸರಿತ್ತು. ಪೂಜೆ ಮುಗಿದ ಮೇಲೆ ಊಟ ಇರುತ್ತಿತ್ತು. ಕಾಲ ಕಳೆದಂತೆ ಊಟ ಮುಂದೆ ಬಂತು, ಪೂಜೆ ಹಿಂದೆ ಸರಿಯಿತು. ಈಗಲೂ ಹಲವೆಡೆ ಸಾಗ್ರಾದ ತಾರೀಖು ಊರಿನ ಸಂತನ ದಿನಕ್ಕೇ ಅಂಟಿಕೊಂಡಿದೆ. ಲಿಗುರಿಯಾ ಕರಾವಳಿಯ ಕಾಮೊಗ್ಲಿಯಲ್ಲಿ ಮೇ ತಿಂಗಳ ಎರಡನೆಯ ಭಾನುವಾರ, ಮೀನುಗಾರರ ಸಂತ ಫೊರ್ತುನಾತೊನ ಹಬ್ಬದ ನೆವದಲ್ಲಿ, ಆಳೆತ್ತರಕ್ಕಿಂತ ಅಗಲದ ಬಾಣಲೆಯಲ್ಲಿ ಮೀನು ಕರಿದು ಹಂಚುತ್ತಾರೆ. 1952ರಿಂದ ನಡೆದಿದೆ. ಹಳೆಯ ಬಾಣಲೆಗಳನ್ನು ಗೋಡೆಗೆ ನೇತುಹಾಕಿರುವುದನ್ನು ನಾನೇ ನೋಡಿದ್ದೇನೆ.

ನಡೆಸುವವರು ಯಾರು ಎನ್ನುವುದೇ ಮುಖ್ಯ. ‘ಪ್ರೋ ಲೋಕೊ’ ಎಂಬ ಸ್ವಯಂಸೇವಕರ ಸಂಘ ಹೆಚ್ಚುಕಡಿಮೆ ಪ್ರತಿ ಊರಿನಲ್ಲೂ ಇರುತ್ತದೆ. ಮೊದಲನೆಯದು ಹುಟ್ಟಿದ್ದು 1881ರಲ್ಲಿ, ತ್ರೆಂತೀನೊ ಬೆಟ್ಟಸೀಮೆಯ ಪಿಯೆವೆ ತೆಸೀನೊದಲ್ಲಿ. ಈಗ ದೇಶದಲ್ಲಿ ಆರು ಸಾವಿರಕ್ಕೂ ಹೆಚ್ಚಿವೆ. ಅಡುಗೆಯವರು, ಬಡಿಸುವವರು, ಪಾತ್ರೆ ತೊಳೆಯುವವರು ಎಲ್ಲರೂ ಊರಿನವರೇ, ಯಾರಿಗೂ ಸಂಬಳವಿಲ್ಲ. ಬ್ಯಾಂಕಿನ ವ್ಯವಸ್ಥಾಪಕರು ಬೆವರು ಸುರಿಸುತ್ತಾ ಸಾಸೇಜ್ ಮಗುಚುತ್ತಿರುತ್ತಾರೆ, ಹತ್ತು ವರ್ಷದ ಹುಡುಗಿ ನಿಮ್ಮ ಮೇಜಿಗೆ ನೀರು ತರುತ್ತಾಳೆ.

ಹೊಸಬರು ಎಡವುವುದು ಕ್ರಮದಲ್ಲಿ. ಹೋದ ಕೂಡಲೇ ಊಟದ ಸಾಲಿಗೆ ನಿಲ್ಲಬೇಡಿ. ಮೊದಲು ಮೇಜಿನ ಸಂಖ್ಯೆ ನೋಡಿಟ್ಟುಕೊಳ್ಳಿ, ಚೀಟಿಯಲ್ಲಿ ಬೇಕಾದ ತಿನಿಸಿಗೆ ಗುರುತು ಹಾಕಿ, ‘ಕಾಸ್ಸಾ’ ಎಂಬ ಗಲ್ಲಾಪೆಟ್ಟಿಗೆಯಲ್ಲಿ ಹಣ ಕಟ್ಟಿ, ರಸೀದಿ ಹಿಡಿದು ಕಾಯಿರಿ. ಹಣ ಕಟ್ಟದೆ ಅಡುಗೆಯವರನ್ನು ಮಾತನಾಡಿಸಿದರೆ ಅವರು ನಿಮ್ಮನ್ನು ಗಾಜಿನ ಆಚೆಯಿಂದ ನೋಡಿದಂತೆ ನೋಡುತ್ತಾರೆ. ಉದ್ದನೆಯ ಬೆಂಚು, ಕಾಗದದ ಹಾಸು, ಎದುರಿಗೆ ಅಪರಿಚಿತರು. ನಮ್ಮ ಎಮಿಲಿಯಾ ಕಡೆ ಊಟವಾದ ಮೇಲೆ ಹಲಗೆ ಹಾಸಿದ ಅಂಗಳದಲ್ಲಿ ‘ಲಿಶೊ’ ನೃತ್ಯ. ಎಪ್ಪತ್ತು ದಾಟಿದ ದಂಪತಿ ವಾಲ್ಟ್ಸ್ ಸುತ್ತುವುದನ್ನು ನೋಡಿದರೆ ನಮ್ಮ ಮಂಡಿನೋವಿಗೆ ನಾಚಿಕೆಯಾಗುತ್ತದೆ.

ಹಾಲುಅನ್ನ (ತೊರಿನೊ)

ಚರ್ಚೆ ಚೆನ್ನಾಗಿದೆ. ಆದರೆ ನನ್ನಂಥ ಸಸ್ಯಾಹಾರಿ ಅಲ್ಲಿ ಹೋಗಿ ಮೇಜಿನ ಹಾಸು ತಿನ್ನಬೇಕೆ?

ಉಪ್ಪಿನಭರಣಿ (ಬೊಲೊನ್ಯಾ)

@ಹಾಲುಅನ್ನ ಅವರೇ, ನಾಲ್ಕು ವರ್ಷ ಉಪವಾಸ ಬಿದ್ದು ಕಲಿತದ್ದನ್ನು ಹೇಳುತ್ತೇನೆ.

ಉತ್ತರದಲ್ಲಿ ಮೋಸ ಮಾಡುವುದು ಮಾಂಸವಲ್ಲ. ಅದು ಕಣ್ಣಿಗೆ ಕಾಣುತ್ತದೆ. ಮೋಸ ಮಾಡುವುದು ‘ಸ್ಟ್ರುತ್ತೊ’, ಅಂದರೆ ಹಂದಿಕೊಬ್ಬು. ನಮ್ಮ ಪೂರಿಯಂತೆ ಉಬ್ಬಿದ ಜ್ಞೊಕ್ಕೊ ಫ್ರಿತ್ತೊ ಕಂಡು ನಾನು ಆನಂದದಿಂದ ಎಂಟು ತಿಂದಿದ್ದೆ. ಹಿಟ್ಟಿಗೂ ಅದೇ ಕೊಬ್ಬು, ಕರಿಯುವುದಕ್ಕೂ ಅದೇ ಎಂದು ಮರುವರ್ಷ ತಿಳಿಯಿತು. ರೊಮಾನ್ಯಾದ ಪಿಯಾದೀನಾ ರೊಟ್ಟಿಯಲ್ಲೂ ಹಳೆಯ ಕ್ರಮದಂತೆ ಅದಿರುತ್ತದೆ. ಮೊದೆನಾ ಬೆಟ್ಟದ ಪುಟ್ಟ ತಿಜೆಲ್ಲೆ ರೊಟ್ಟಿಗೆ ಸವರುವ ಬಿಳಿಯ ಮುದ್ದೆ ಬೆಣ್ಣೆಯಲ್ಲ, ಬೆಳ್ಳುಳ್ಳಿ, ರೋಸ್‌ಮೇರಿ ಅರೆದ ಕೊಬ್ಬು. ‘ಚೆ ಲೊ ಸ್ಟ್ರುತ್ತೊ?’ ಎಂದು ಕೇಳುವುದನ್ನು ಬಾಯಿಪಾಠ ಮಾಡಿ. ಕೇಳಿದರೆ ಯಾರೂ ಬೇಸರಿಸುವುದಿಲ್ಲ. ಪಾಪ ಎಂಬಂತೆ ನೋಡಿ ಬದನೆಕಾಯಿ ಸುಟ್ಟು ಕೊಡುತ್ತಾರೆ. ಪಾರ್ಮಿಜಾನೊ ಚೀಸ್ ಕೂಡ ಕಟ್ಟುನಿಟ್ಟಿನವರಿಗೆ ಆಗದು. ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕಬೇಕೆಂಬುದು ಅದರ ನಿಯಮದಲ್ಲೇ ಇದೆ.

ದಕ್ಷಿಣಕ್ಕೆ ಹೋಗಿ, ಹೊಟ್ಟೆ ತುಂಬುತ್ತದೆ. @ಕೆಂಪುಮಣ್ಣು ಅವರ ಸಾಲೆಂತೊದಲ್ಲಿ ಚಿಚೆರಿ ಎ ತ್ರಿಯಾ ಎಂಬುದಿದೆ. ಮೊಟ್ಟೆಯಿಲ್ಲದ ಪಾಸ್ತಾದಲ್ಲಿ ಒಂದು ಪಾಲನ್ನು ಗರಿಗರಿಯಾಗಿ ಕರಿದು, ಉಳಿದದ್ದನ್ನು ಕಡಲೆಕಾಳಿನೊಂದಿಗೆ ಬೇಯಿಸಿ ಎರಡನ್ನೂ ಬೆರೆಸುತ್ತಾರೆ. ಒಣ ಅವರೆಯ ಜಾತಿಯ ಫಾವೆ ಬೇಳೆಯನ್ನು ನುಣ್ಣಗೆ ಬೇಯಿಸಿ, ಕಹಿಯ ಚಿಕೋರಿ ಸೊಪ್ಪಿನೊಂದಿಗೆ ಕೊಡುತ್ತಾರೆ. ಮೇಲೆ ಹಸಿ ಆಲಿವ್ ಎಣ್ಣೆ. ಸೊಪ್ಪುಬೇಳೆ ತಿಂದು ಬೆಳೆದವರಿಗೆ ಪರಿಚಯ ಮಾಡಿಕೊಡಬೇಕಾಗಿಲ್ಲ. ಎರಡು ಸಲ ಬೇಯಿಸಿದ ಫ್ರಿಸಾ ಎಂಬ ಬಾರ್ಲಿ ರೊಟ್ಟಿಯನ್ನು ನೀರಲ್ಲಿ ಅದ್ದಿ ಟೊಮೆಟೊ ಹಿಂಡಿ ತಿನ್ನಬಹುದು. ಬಡವರ ಸೀಮೆ, ಮಾಂಸ ಹಬ್ಬಕ್ಕೆ ಮಾತ್ರ ಇತ್ತು. ನಮ್ಮ ಅದೃಷ್ಟ ಅವರ ಬಡತನದಿಂದ ಬಂದದ್ದು ಎನ್ನಲು ಸಂಕೋಚವಾಗುತ್ತದೆ, ಆದರೆ ನಿಜ ಅದೇ.

ಹಳೇಕಡತ (ರೋಮ್)

ಮೂಲ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ನಾನು ಸ್ವಲ್ಪ ಕಹಿಯಾಗಿಯೇ ಹೇಳುತ್ತೇನೆ.

ಇಂದು ‘ಪ್ರಾಚೀನ’ ಎಂದು ಫಲಕ ಹಾಕಿಕೊಂಡ ಸಾಗ್ರಾಗಳಲ್ಲಿ ಹೆಸರಾದವುಗಳ ಹುಟ್ಟಿದ ವರ್ಷ ನೋಡಿ. ರೋಮಿನ ಹೊರಗಿನ ಮಾರೀನೊ ಪಟ್ಟಣದ ದ್ರಾಕ್ಷಿ ಸಾಗ್ರಾ 1925. ಫ್ಲಾರೆನ್ಸ್ ಬಳಿಯ ಇಂಪ್ರುನೇತಾ ದ್ರಾಕ್ಷಿ ಹಬ್ಬ 1926. ಅರಿಚ್ಚಾದ ಪೊರ್ಕೆತ್ತಾ ಸಾಗ್ರಾ, ಅಂದರೆ ಮಸಾಲೆ ತುಂಬಿ ಇಡಿಯಾಗಿ ಸುಟ್ಟ ಹಂದಿಯದು, 1950. ಸಂತರ ಉತ್ಸವಗಳು ಹಳೆಯವು, ಒಪ್ಪುತ್ತೇನೆ. ತಿನಿಸಿನ ಹೆಸರಿನ ಉತ್ಸವ ಇಪ್ಪತ್ತನೆಯ ಶತಮಾನದ ಕೂಸು.

ಆ ಇಪ್ಪತ್ತರ ದಶಕವೇ ಏಕೆ? ಮುಸೊಲಿನಿ ಅಧಿಕಾರಕ್ಕೆ ಬಂದದ್ದು 1922ರಲ್ಲಿ. ಮರುವರ್ಷ ಕಾರ್ಮಿಕರ ಮೇ ದಿನವನ್ನು ರದ್ದು ಮಾಡಿದ. 1925ರಲ್ಲಿ ‘ದೊಪೊಲಾವೊರೊ’, ಅಂದರೆ ‘ದುಡಿಮೆಯ ನಂತರ’ ಎಂಬ ರಾಷ್ಟ್ರೀಯ ಸಂಸ್ಥೆ ಹುಟ್ಟಿತು. ಜನ ಬಿಡುವಿನ ವೇಳೆಯಲ್ಲಿ ಏನು ಹಾಡಬೇಕು, ಯಾವ ಉಡುಪು ತೊಟ್ಟು ಕುಣಿಯಬೇಕು ಎಂಬುದನ್ನೂ ಸರ್ಕಾರವೇ ನೋಡಿಕೊಳ್ಳುವ ಏರ್ಪಾಡು ಅದು. 1930ರಿಂದ ದೇಶದಾದ್ಯಂತ ದ್ರಾಕ್ಷಿ ಹಬ್ಬ ಮಾಡಬೇಕೆಂದು ಆಜ್ಞೆಯಾಯಿತು. ಭಕ್ತಿಯಿಂದಲ್ಲ, ದ್ರಾಕ್ಷಿ ಖರ್ಚಾಗಬೇಕಿತ್ತು. ತಾವು ಅಜ್ಜಿಯ ಪೆಟ್ಟಿಗೆಯಿಂದ ತೆಗೆದದ್ದೆಂದು ನಂಬಿರುವ ‘ಸಾಂಪ್ರದಾಯಿಕ ಉಡುಪು’ ಎಷ್ಟೋ ಊರುಗಳಲ್ಲಿ ಆ ಕಾಲದ ಮೆರವಣಿಗೆಗಾಗಿಯೇ ಹೊಲಿಸಿದ್ದು.

ಎರಡನೆಯ ಅಲೆ ಯುದ್ಧದ ನಂತರದ್ದು. ಐವತ್ತು, ಅರವತ್ತರ ದಶಕದಲ್ಲಿ ದಕ್ಷಿಣದ ಹಳ್ಳಿಗಳು ಖಾಲಿಯಾಗಿ ಜನ ತೊರಿನೊ, ಮಿಲಾನೊ ಕಾರ್ಖಾನೆಗಳಿಗೆ ಹೋದರು. ಆಗಸ್ಟ್ 15ರ ಫೆರ್ರಾಗೊಸ್ತೊ ರಜೆಗೆ ಕಾರ್ಖಾನೆ ಮುಚ್ಚಿದಾಗ ಊರಿಗೆ ಬಂದರು. ಬಂದವರಿಗೆ ಊರು ಏನಾದರೂ ಬಡಿಸಬೇಕಿತ್ತು, ಅವರ ಕೈಯಲ್ಲಿ ಸಂಬಳವೂ ಇತ್ತು. ಸಾಗ್ರಾಗಳ ತಾರೀಖು ಆಗಸ್ಟ್‌ನಲ್ಲೇ ಏಕೆ ಕಿಕ್ಕಿರಿದಿವೆ ಎಂದು ಯೋಚಿಸಿದ್ದೀರಾ?

ತುಂಬಿದಕೊಡ (ರೋಮ್)

ಮಾರೀನೊ ಎಂದಿರಿ, ಇದನ್ನು ಹೇಳದೆ ಇರಲಾರೆ. ಅಕ್ಟೋಬರ್ ಮೊದಲ ಭಾನುವಾರ ಅಲ್ಲಿನ ‘ನಾಲ್ವರು ಮೂರ್ ಜನರ ಕಾರಂಜಿ’ಯಲ್ಲಿ (ಮೂರ್ ಎಂದರೆ ಉತ್ತರ ಆಫ್ರಿಕದ ಮುಸ್ಲಿಮರು) ನೀರಿನ ಬದಲು ವೈನ್ ಹರಿಯುತ್ತದೆ. ಜನ ಲೋಟ ಹಿಡಿದು ನುಗ್ಗುತ್ತಾರೆ. 2008ರಲ್ಲಿ ಕೊಳವೆ ಜೋಡಿಸುವಾಗ ಎಡವಟ್ಟಾಗಿ ಕಾರಂಜಿಯಲ್ಲಿ ನೀರೇ ಬಂತು, ವೈನ್ ಹೋಗಿ ಅಕ್ಕಪಕ್ಕದ ಮನೆಗಳ ಅಡುಗೆಮನೆ ನಲ್ಲಿಯಲ್ಲಿ ಬಂತು. ಪಾತ್ರೆ ತೊಳೆಯಲು ನಲ್ಲಿ ತಿರುಗಿಸಿದವರ ಮುಖ ಊಹಿಸಿಕೊಳ್ಳಿ. ಬೆಂಗಳೂರಿನಲ್ಲಿ ನಲ್ಲಿಗೆ ಕಾದು ಕಾದು ಬೆಳೆದ ನನಗೆ ಈ ಸುದ್ದಿ ಓದಿ ಅಸೂಯೆಯೇ ಆಯಿತು.

@ಹಳೇಕಡತ ಅವರೇ, ಅಲ್ಲಿ ಮೆರವಣಿಗೆ 1571ರಲ್ಲಿ ತುರ್ಕರ ವಿರುದ್ಧ ನಡೆದ ಲೆಪಾಂತೊ ನೌಕಾಯುದ್ಧದಿಂದ ಗೆದ್ದು ಮರಳಿದ ಸೇನಾನಿ ಮಾರ್ಕಾಂತೊನಿಯೊ ಕೊಲೊನ್ನಾನ ನೆನಪಿಗೆ. ಅದು ಹಳೆಯದಲ್ಲವೇ?

ಹಳೇಕಡತ (ರೋಮ್)

ಯುದ್ಧ ಹಳೆಯದು. ಮೆರವಣಿಗೆಗೆ ವೈನ್ ಸೇರಿಸಿ ಸಾಗ್ರಾ ಮಾಡಿದ್ದು 1925ರಲ್ಲಿ ಲೆಯೊನೆ ಚಿಪ್ರೆಲ್ಲಿ ಎಂಬ ಕವಿ. ಕವಿಗಳ ಕೈಗೆ ಕೊಳವೆ ಕೊಟ್ಟರೆ ಹೀಗೇ ಆಗುವುದು.

ಕೆಂಪುಮಣ್ಣು (ಲೆಚ್ಚೆ)

ಹಳೇಕಡತ ಅವರ ಮಾತು ನನ್ನ ಅರ್ಧ ಉತ್ಸಾಹ ಇಳಿಸಿತು, ಆದರೆ ಅದರಿಂದಲೇ ಒಂದು ವಿಷಯ ಸ್ಪಷ್ಟವಾಯಿತು.

ಕಾನ್ನೊಲೆಯಿಂದ ಬಂದ ನಾಲ್ಕಾರು ದಿನಕ್ಕೆ ತೊರ್ರೆಪಾದುಲಿ ಎಂಬ ಊರಿಗೆ ಹೋದೆ. ಆಗಸ್ಟ್ 15ರ ರಾತ್ರಿ ಸಂತ ರೊಕ್ಕೊನ ಉತ್ಸವ. ಅಲ್ಲಿ ವೇದಿಕೆಯಿಲ್ಲ, ಧ್ವನಿವರ್ಧಕವಿಲ್ಲ. ತಂಬುರೆಲ್ಲೊ ಹಿಡಿದವರು ತಾವಾಗಿಯೇ ವೃತ್ತ ಕಟ್ಟುತ್ತಾರೆ, ಅದಕ್ಕೆ ‘ರೊಂದಾ’ ಎನ್ನುತ್ತಾರೆ. ವೃತ್ತದೊಳಗೆ ಇಬ್ಬರು ಗಂಡಸರು ಬೆರಳನ್ನೇ ಚೂರಿ ಮಾಡಿ ಕಾದುತ್ತಾರೆ: ಕುಣಿತವೂ ಹೌದು, ಜಗಳವೂ ಹೌದು. ಒಂದು ಕಾಲದಲ್ಲಿ ಇಲ್ಲಿನ ಜಾನುವಾರು ಜಾತ್ರೆಗೆ ಬರುತ್ತಿದ್ದ ರೋಮಾ ಎಂಬ ಅಲೆಮಾರಿ ಜನಾಂಗದ ಕುದುರೆ ವ್ಯಾಪಾರಿಗಳು ಈ ಆಟದಲ್ಲಿ ಹೆಸರಾದವರಂತೆ. ಬೆಳಗಿನ ಜಾವದವರೆಗೂ ತಾಳ ನಿಲ್ಲುವುದಿಲ್ಲ. ಹಲವರ ಹೆಬ್ಬೆರಳಿನಿಂದ ರಕ್ತ ಬಂದು ಚರ್ಮದ ಮೇಲೆ ಕಲೆಯಾಗಿತ್ತು.

ಈ ತಾಳ ಎಲ್ಲಿಂದ ಬಂತು ಎಂದು ಹುಡುಕಿದರೆ ಹಬ್ಬ ಸಿಗುವುದಿಲ್ಲ, ಕಾಯಿಲೆ ಸಿಗುತ್ತದೆ. ಹೊಲದಲ್ಲಿ ಜೇಡ ಕಚ್ಚಿತು ಎಂದು ಹೆಣ್ಣುಮಕ್ಕಳು ಕುಸಿದು ಬೀಳುತ್ತಿದ್ದರು. ಮನೆಗೆ ವಾದ್ಯದವರನ್ನು ಕರೆಸಿ, ನೆಲಕ್ಕೆ ಬಿಳಿ ಬಟ್ಟೆ ಹಾಸಿ, ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಪಿತ್ಸಿಕಾ ನುಡಿಸಿ ಕುಣಿಸಬೇಕಿತ್ತು. ಜೂನ್ 29ರಂದು ಗಾಲಾತೀನಾದ ಸಂತ ಪಾವೊಲೊನ ಗುಡಿಗೆ ಕರೆದೊಯ್ಯಬೇಕಿತ್ತು. 1959ರಲ್ಲಿ ಮಾನವಶಾಸ್ತ್ರಜ್ಞ ಎರ್ನೆಸ್ತೊ ದೆ ಮಾರ್ತೀನೊ ಒಂದು ತಂಡ ಕಟ್ಟಿಕೊಂಡು ಬಂದು ಇದನ್ನು ಅಧ್ಯಯನ ಮಾಡಿದರು. ತಂಡದಲ್ಲಿ ಮನೋವೈದ್ಯರೂ ಸಂಗೀತಶಾಸ್ತ್ರಜ್ಞರೂ ಇದ್ದರು. ಕಚ್ಚಿದ್ದು ಬಹುಪಾಲು ಜೇಡವಲ್ಲ ಎಂದು ಅವರು ಕಂಡುಕೊಂಡರು. ಒಲ್ಲದ ಮದುವೆ, ಸಿಗದ ಪ್ರೀತಿ, ಮುಗಿಯದ ದುಡಿಮೆ ಇವೆಲ್ಲ ವರ್ಷಕ್ಕೊಮ್ಮೆ, ಸುಗ್ಗಿಯ ಹೊತ್ತಿಗೆ, ಮತ್ತೆ ಕಚ್ಚುತ್ತಿದ್ದವು. ಆ ಮನೆಗಳಲ್ಲಿ ಪಿಟೀಲು ನುಡಿಸುತ್ತಿದ್ದ ಲುಯಿಜಿ ಸ್ತಿಫಾನಿ ನಾರ್ದೊ ಪಟ್ಟಣದ ಕ್ಷೌರಿಕ. ಕತ್ತರಿ ಕೆಳಗಿಟ್ಟು ಪಿಟೀಲು ಎತ್ತಿಕೊಂಡು ಹೋಗುತ್ತಿದ್ದವರು.

ಈಗ? 1998ರಿಂದ ‘ಲಾ ನೊತ್ತೆ ದೆಲ್ಲಾ ತರಾಂತಾ’ ಎಂಬ ದೊಡ್ಡ ಉತ್ಸವ. ಕೊನೆಯ ರಾತ್ರಿ ಮೆಲ್ಪಿನ್ಯಾನೊ ಎಂಬ ಪುಟ್ಟ ಊರಿನಲ್ಲಿ ಲಕ್ಷಕ್ಕೂ ಹೆಚ್ಚು ಜನ ಕುಣಿಯುತ್ತಾರೆ. ನಮ್ಮ ಪಕ್ಕದ ಮನೆಯ ಅಜ್ಜಿ ಅದಕ್ಕೆ ಮಾತ್ರ ಬರಲಿಲ್ಲ. ಅವರ ಸೋದರತ್ತೆಯೊಬ್ಬರನ್ನು ಚಿಕ್ಕಂದಿನಲ್ಲಿ ಹಾಗೆ ಕುಣಿಸಿದ್ದನ್ನು ಬಾಗಿಲ ಸಂದಿಯಿಂದ ನೋಡಿದ್ದರಂತೆ. ‘ಆಗ ಮನೆಯವರು ಅವಮಾನ ಎಂದು ಕಿಟಕಿ ಮುಚ್ಚುತ್ತಿದ್ದರು, ಈಗ ಟಿಕೆಟಿನ ರೈಲಿನಲ್ಲಿ ಬಂದು ಕುಣಿಯುತ್ತಾರೆ’ ಎಂದಷ್ಟೇ ಹೇಳಿ ಬೀನ್ಸ್ ನಾರು ತೆಗೆಯತೊಡಗಿದರು.

ಬಸವನಹುಳುವೂ ಅಂಥದ್ದೇ. ತಿನ್ನಲು ಬೇರೆ ಇಲ್ಲದವರು ಹೊಲ ಅಗೆದು ಹೆಕ್ಕಿದ್ದು. ಹಾಗಾಗಿ ಹಬ್ಬ ಹೊಸದಿರಬಹುದು, ಹಸಿವು ಹಳೆಯದು.

ಹಳೇಕಡತ (ರೋಮ್)

ಇದನ್ನು ಒಪ್ಪುತ್ತೇನೆ. ನನ್ನ ಜಗಳ ಫಲಕದ ಮೇಲಿನ ‘ಪ್ರಾಚೀನ’ದೊಂದಿಗೆ, ಅಜ್ಜಿಯೊಂದಿಗಲ್ಲ.

ಬೆರ್ಗಮೊ ಸೊಸೆ

ಇಷ್ಟು ದಿನ ಸುಮ್ಮನೆ ಓದುತ್ತಿದ್ದೆ. ‘ಹಸಿವು ಹಳೆಯದು’ ಎಂದದ್ದು ನನ್ನನ್ನು ಬರೆಯುವಂತೆ ಮಾಡಿತು. ನಾನು ಹಾಸನದ ಕಡೆಯವಳು, ಮದುವೆಯಾಗಿ ಬಂದದ್ದು ಬೆರ್ಗಮೊ ಮೇಲಿನ ಕಣಿವೆಯ ಒಂದು ಊರಿಗೆ. ನಮ್ಮ ಸಾಗ್ರಾ ಪೊಲೆಂತಾದ್ದು. ಒಂಬತ್ತು ವರ್ಷದಿಂದ ಅದರ ಅಡುಗೆಮನೆಯಲ್ಲಿದ್ದೇನೆ.

ಪೊಲೆಂತಾ ಎಂದರೆ ಮೆಕ್ಕೆಜೋಳದ ಹಿಟ್ಟು, ನೀರು, ಉಪ್ಪು. ಲೀಟರ್ ನೀರಿಗೆ ಕಾಲು ಕಿಲೋ ಹಿಟ್ಟು. ‘ಪಾಯೊಲೊ’ ಎಂಬ ತಾಮ್ರದ ಹಂಡೆಯಲ್ಲಿ ಮುಕ್ಕಾಲು ಗಂಟೆಗೂ ಮಿಕ್ಕಿ ತಿರುವಬೇಕು. ಗಂಟು ಕಟ್ಟಬಾರದು, ತಳ ಹತ್ತಬಾರದು. ಆಮೇಲೆ ಮರದ ಹಲಗೆಗೆ ಮಗುಚಿ ದಾರದಿಂದ ಕತ್ತರಿಸುವುದು. ಮೊದಲ ಸಲ ನೋಡಿದಾಗ ನಾನು ನಕ್ಕಿದ್ದೆ. ಮುದ್ದೆ ತಿರುವುವ ಕೋಲು ಹಿಡಿದು ಬೆಳೆದವಳು ನಾನು, ನನಗೆ ಇವರು ಕಲಿಸುವುದೇ? ಆದರೆ ಸಾಗ್ರಾದಲ್ಲಿ ಹಂಡೆ ತಿರುವುವ ಹಕ್ಕು ಗಂಡಸರದು, ಅದೂ ಇಂತಿಷ್ಟು ವರ್ಷ ಸೌದೆ ಹೊತ್ತವರದು. ಮೊದಲ ಎರಡು ವರ್ಷ ನನಗೆ ಸಿಕ್ಕಿದ್ದು ಈರುಳ್ಳಿ ಬುಟ್ಟಿ. ಮೂರನೆಯ ವರ್ಷ ಒಬ್ಬರಿಗೆ ಸೊಂಟ ಹಿಡಿದುಕೊಂಡಿತು, ಕೋಲು ನನ್ನ ಕೈಗೆ ಬಂತು. ನಾನು ಗಂಟು ಒಡೆದ ಬಗೆ ನೋಡಿ ಮುದುಕರೊಬ್ಬರು ‘ಇವಳು ಎಲ್ಲಿಯವಳು?’ ಎಂದು ಕೇಳಿದರು. ನಮ್ಮತ್ತೆ ‘ಇಲ್ಲಿಯವಳೇ’ ಎಂದರು. ಆ ಕೋಲನ್ನು ಇಂದಿಗೂ ಬಿಟ್ಟುಕೊಟ್ಟಿಲ್ಲ.

ಈಗ ಹಸಿವಿನ ಮಾತು. ನಮ್ಮೆಜಮಾನರ ಅಜ್ಜಿ ಸಾಗ್ರಾಕ್ಕೆ ಪ್ರತಿ ವರ್ಷ ಬರುತ್ತಿದ್ದರು, ಮೊದಲ ಸಾಲಿನಲ್ಲಿ ಕೂರುತ್ತಿದ್ದರು, ಪೊಲೆಂತಾ ಮಾತ್ರ ಮುಟ್ಟುತ್ತಿರಲಿಲ್ಲ. ಕರಿದ ಆಲೂಗಡ್ಡೆ ತರಿಸಿಕೊಳ್ಳುತ್ತಿದ್ದರು. ‘ನನ್ನ ಪಾಲಿನ ಪೊಲೆಂತಾವನ್ನು ಹತ್ತು ವರ್ಷ ತುಂಬುವುದರೊಳಗೇ ತಿಂದು ಮುಗಿಸಿದ್ದೇನೆ’ ಎನ್ನುತ್ತಿದ್ದರು. ಮೂರು ಹೊತ್ತೂ ಅದೇ. ಮೇಜಿನ ಮೇಲೆ ಒಂದು ಉಪ್ಪುಮೀನನ್ನು ದಾರದಲ್ಲಿ ತೂಗುಹಾಕಿ, ಮನೆಮಂದಿಯೆಲ್ಲ ತಮ್ಮ ತುಂಡನ್ನು ಅದಕ್ಕೆ ಉಜ್ಜಿ ವಾಸನೆ ಹತ್ತಿಸಿಕೊಂಡು ತಿನ್ನುತ್ತಿದ್ದರೆಂಬ ಕಥೆ ಈ ಕಡೆ ಎಲ್ಲ ಮನೆಯಲ್ಲೂ ಇದೆ. ಮೀನು ತಿನ್ನುವಂತಿರಲಿಲ್ಲ, ನಾಳೆಗೆ ಬೇಕು.

ಬರೀ ಮೆಕ್ಕೆಜೋಳ ತಿಂದರೆ ನಯಾಸಿನ್ ಎಂಬ ಸತ್ತ್ವ ಮೈಗೆ ಸಿಗುವುದಿಲ್ಲ. ಚರ್ಮ ಒರಟಾಗಿ ಸುಲಿಯುತ್ತದೆ, ಭೇದಿ ಹತ್ತುತ್ತದೆ, ಕೊನೆಗೆ ಬುದ್ಧಿ ಕೆಡುತ್ತದೆ. ‘ಒರಟು ಚರ್ಮ’ ಎಂಬ ಇಲ್ಲಿನ ಮಾತಿನಿಂದಲೇ ಆ ರೋಗಕ್ಕೆ ಪೆಲಾಗ್ರಾ ಎಂದು ಹೆಸರು ಬಂದದ್ದು. 1880ರ ಸುಮಾರಿಗೆ ಇಟಲಿಯಲ್ಲಿ ಲಕ್ಷದಷ್ಟು ರೋಗಿಗಳಿದ್ದರು, ಹೆಚ್ಚಿನವರು ಈ ಉತ್ತರದ ಸೀಮೆಯವರು, ಎಷ್ಟೋ ಜನ ಹುಚ್ಚಾಸ್ಪತ್ರೆಯಲ್ಲಿ ಸತ್ತರು. ಮೆಕ್ಸಿಕೊದ ಮೂಲನಿವಾಸಿಗಳು ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸುತ್ತಿದ್ದರು, ಅದರಿಂದ ಆ ಸತ್ತ್ವ ಬಿಡುಗಡೆಯಾಗುತ್ತಿತ್ತು. ಯುರೋಪಿನವರು ಬೀಜ ತಂದರು, ಸುಣ್ಣದ ವಿದ್ಯೆ ತರಲಿಲ್ಲ. ನಮ್ಮ ದಖ್ಖನ್ ಪ್ರಸ್ಥಭೂಮಿಯಲ್ಲಿ ಬರೀ ಜೋಳ ನಂಬಿದ ಬಡವರಲ್ಲೂ ಈ ರೋಗವಿದ್ದದ್ದನ್ನು ಹೈದರಾಬಾದಿನ ಸಂಶೋಧಕರು 1960ರ ಹೊತ್ತಿಗೆ ಗುರುತಿಸಿದ್ದರು ಎಂದು ಆಮೇಲೆ ಓದಿದೆ.

ಈಗ ಸಾಗ್ರಾದಲ್ಲಿ ಬಡಿಸುವುದು ಬಕ್‌ವೀಟ್ ಹಿಟ್ಟು ಬೆರೆಸಿ, ಬೆಣ್ಣೆ, ಬ್ರಾಂಝಿ ಚೀಸ್ ಸುರಿದು ಮಾಡಿದ ಪೊಲೆಂತಾ ತರಾನ್ಯಾ. ಅಜ್ಜಿಯ ಬಾಲ್ಯದಲ್ಲಿ ಆ ಬೆಣ್ಣೆ ಮಾರುವುದಕ್ಕೆ ಮಾತ್ರ ಇತ್ತು.

ಇನ್ನು ಪ್ರವಾಸಿಗರಿಗೆ ಹಾಕಿದ ಚಪ್ಪರವೇ ಎಂಬ ಪ್ರಶ್ನೆ. ಹಿಂದಿನ ವರ್ಷ ಉಳಿದ ಹಣದಲ್ಲಿ ಶಿಶುವಿಹಾರದ ಬಾಯ್ಲರ್ ಬದಲಾಯಿಸಿದೆವು. 2017ರ ಜೂನ್‌ನಲ್ಲಿ ತೊರಿನೊದ ಚೌಕದಲ್ಲಿ ಫುಟ್‌ಬಾಲ್ ಪಂದ್ಯ ನೋಡುತ್ತಿದ್ದ ಜನ ಗಾಬರಿಯಿಂದ ಓಡಿ ಕಾಲ್ತುಳಿತವಾಯಿತಲ್ಲ, ಆ ಬೆನ್ನಿಗೇ ದೇಶಕ್ಕೆಲ್ಲ ಭದ್ರತೆಯ ಹೊಸ ನಿಯಮ ಬಂತು: ತಡೆಗೋಡೆ, ನಿರ್ಗಮನ ದಾರಿ, ತಜ್ಞರು ಸಹಿ ಹಾಕಿದ ಯೋಜನೆ. ಆ ಬೇಸಿಗೆ ಎಷ್ಟೋ ಪುಟ್ಟ ಊರುಗಳು ಸಾಗ್ರಾ ಕೈಬಿಟ್ಟವು. ಮರುವರ್ಷ ನಿಯಮ ಸ್ವಲ್ಪ ಸಡಿಲವಾಯಿತು. ನಾವೂ ಒಂದು ವರ್ಷ ನಿಲ್ಲಿಸಿದ್ದೆವು. ಆ ಶನಿವಾರ ರಾತ್ರಿ ಊರಿನಲ್ಲಿ ಒಬ್ಬ ಪ್ರವಾಸಿಯೂ ಇರಲಿಲ್ಲ. ಆದರೂ ಏಳೆಂಟು ಮಂದಿ ಗಂಡಸರು ಸೌದೆ ಕೊಟ್ಟಿಗೆಯ ಮುಂದೆ ಸುಮ್ಮನೆ ಬಂದು ನಿಂತಿದ್ದರು. ಅತ್ತೆ ಮನೆಯಿಂದ ಚಿಕ್ಕ ಹಂಡೆ ತಂದರು.

ಕಡಲತಡಿ (ಮಂಗಳೂರು)

@ಬೆರ್ಗಮೊ ಸೊಸೆ ಅಕ್ಕ, ನಿಮ್ಮೂರಿನ ಕಡೆಯವರೊಬ್ಬರ ಕೈಕೆಲಸದ ಕೆಳಗೆ ನಾನು ಐದು ವರ್ಷ ಕುಳಿತಿದ್ದೇನೆ! ನಮ್ಮ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾ ಮಂದಿರದ ಗೋಡೆ, ಛಾವಣಿಯ ತುಂಬ ಚಿತ್ರ ಬರೆದ ಅಂತೊನಿಯೊ ಮೊಸ್ಕೆನಿ ಹುಟ್ಟಿದ್ದು ಬೆರ್ಗಮೊ ಬಳಿಯ ಸ್ತೆತ್ಸಾನೊದಲ್ಲಿ, 1854ರಲ್ಲಿ. ಇಟಲಿಯ ಜೆಸ್ವಿಟರು ಮಂಗಳೂರಿಗೆ ಬಂದಿಳಿದದ್ದು 1878ರ ಡಿಸೆಂಬರ್ ಕೊನೆಯ ದಿನ. ಮೊಸ್ಕೆನಿ ಬಂದು ಬರೆದದ್ದು ಆ ಶತಮಾನದ ಕೊನೆಯಲ್ಲಿ. ತಿರುಗಿ ಊರಿಗೆ ಹೋಗಲಿಲ್ಲ, 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು. ಪೆಲಾಗ್ರಾದ ಆ ಲೆಕ್ಕ ಓದಿದ ಮೇಲೆ, ಅವರು ಬಿಟ್ಟು ಬಂದ ಸೀಮೆ ಎಂಥದ್ದಿತ್ತು ಎಂದು ಮೊದಲ ಸಲ ಯೋಚಿಸಿದೆ. ಇಷ್ಟು ವರ್ಷ ಬಣ್ಣವನ್ನಷ್ಟೇ ನೋಡುತ್ತಿದ್ದೆ.

ಪೋ ಬಯಲು (ರೆಜ್ಜೊ ಎಮಿಲಿಯಾ)

ಸೊಸೆಯವರ ಬರಹದ ನಂತರ ಟೀಕೆ ಬರೆಯಲು ಕೈ ಬರುವುದಿಲ್ಲ, ಆದರೂ ಇನ್ನೊಂದು ಮುಖ ಹೇಳಬೇಕು. ಎಲ್ಲ ಸಾಗ್ರಾ ಹೀಗಿರುವುದಿಲ್ಲ. ಅಣಬೆ ಸಾಗ್ರಾ ಎಂದು ದೊಡ್ಡ ಅಕ್ಷರದಲ್ಲಿ ಬರೆದ ಊರೊಂದಕ್ಕೆ ಹೋಗಿದ್ದೆ, ಹೆಸರು ಬೇಡ. ಪಟ್ಟಿಯಲ್ಲಿ ಪೊರ್ಚೀನಿ ಅಣಬೆಯ ಮುಂದೆ ಪುಟ್ಟ ನಕ್ಷತ್ರ ಚಿಹ್ನೆ. ಇಟಲಿಯಲ್ಲಿ ಆ ಚಿಹ್ನೆಗೆ ‘ಶೀತಲೀಕರಿಸಿದ್ದು’ ಎಂದು ಅರ್ಥ. ಸುತ್ತ ಕಾಡು, ತಟ್ಟೆಯಲ್ಲಿ ಫ್ರೀಜರಿನ ಅಣಬೆ. ಹೋಟೆಲಿನವರ ದೂರೂ ಹಳೆಯದೇ: ವರ್ಷವಿಡೀ ತೆರಿಗೆ ಕಟ್ಟಿ ಕೆಲಸದವರಿಗೆ ಸಂಬಳ ಕೊಡುವವರು ನಾವು, ಬೇಸಿಗೆಯ ಗಿರಾಕಿಗಳನ್ನೆಲ್ಲ ಸಾಗ್ರಾ ಎಳೆದುಕೊಳ್ಳುತ್ತದೆ ಎಂದು. ನಕಲಿಗಳ ಕಾಟ ತಡೆಯಲು ಪ್ರೋ ಲೋಕೊಗಳ ರಾಷ್ಟ್ರೀಯ ಒಕ್ಕೂಟವೇ ‘ಗುಣಮಟ್ಟದ ಸಾಗ್ರಾ’ ಎಂಬ ಮುದ್ರೆ ಕೊಡಲು ಶುರು ಮಾಡಿದೆ. ಪೋಸ್ಟರ್‌ನಲ್ಲಿ ಅದಿದೆಯೇ ನೋಡಿ.

‘ಇಲ್ಲಿಯವಳೇ’ ಎಂದದ್ದನ್ನು ಓದಿ ನಮ್ಮ ನೊವೆಲ್ಲಾರಾ ನೆನಪಾಯಿತು. ಅಲ್ಲಿ 2000ದಿಂದ ದೊಡ್ಡ ಗುರುದ್ವಾರವಿದೆ, ಸುತ್ತಲಿನ ಹಟ್ಟಿಗಳಲ್ಲಿ ಹಾಲು ಕರೆಯುವವರಲ್ಲಿ ಪಂಜಾಬಿಗಳು ಬಹಳ. ಪಾರ್ಮಿಜಾನೊದ ಹಾಲಿಗೆ ಅವರ ಕೈ ಬೇಕೇ ಬೇಕು. ಆದರೆ ಈ ಸುತ್ತಿನ ಸಾಗ್ರಾಗಳ ಅಡುಗೆಮನೆಯಲ್ಲಿ ನಾನು ಪೇಟ ಕಂಡದ್ದು 11 ವರ್ಷದಲ್ಲಿ ಒಂದೇ ಸಲ.

ಹಾಲುಅನ್ನ (ತೊರಿನೊ)

ಮೊದಲು ನಗೆಗೆಂದು ಕೇಳಿದ್ದೆ, ಈಗ ಪೂರ್ತಿ ಓದುತ್ತಿದ್ದೇನೆ. ಅಂದ ಹಾಗೆ 2025ರ ಡಿಸೆಂಬರ್‌ನಲ್ಲಿ ಇಟಲಿಯ ಅಡುಗೆಯನ್ನು ಯುನೆಸ್ಕೊ ಪಾರಂಪರಿಕ ಪಟ್ಟಿಗೆ ಸೇರಿಸಿದ ಸಭೆ ನಡೆದದ್ದು ನಮ್ಮ ದೆಹಲಿಯಲ್ಲಿ. ಅದೇ ಸಭೆಯಲ್ಲಿ ದೀಪಾವಳಿಯೂ ಸೇರಿತು. ನನ್ನ ಸಹೋದ್ಯೋಗಿಗಳಿಗೆ ಅರ್ಧ ಡಬ್ಬಿ ಕಜ್ಜಾಯ ಕೊಟ್ಟು ಲೆಕ್ಕ ಚುಕ್ತಾ ಮಾಡಿದೆ. ಅವರು ಹಂದಿಕೊಬ್ಬು ಇದೆಯೇ ಎಂದು ಕೇಳಲಿಲ್ಲ.

ಕೆಂಪುಮಣ್ಣು (ಲೆಚ್ಚೆ)

ಎಲ್ಲರಿಗೂ ವಂದನೆಗಳು. ಬೆರ್ಗಮೊ ಸೊಸೆಯವರು ಬರೆದದ್ದನ್ನು ನನ್ನ ಅರೆಬರೆ ಇಟಾಲಿಯನ್‌ನಲ್ಲಿ ಪಕ್ಕದ ಮನೆಯ ಅಜ್ಜಿಗೆ ಓದಿ ಹೇಳಿದೆ. ಉಪ್ಪುಮೀನಿನ ಕಥೆಗೆ ತಲೆಯಾಡಿಸಿದರು. ಕರಿದ ಆಲೂಗಡ್ಡೆಯ ಅಜ್ಜಿಯ ಕಥೆಗೆ ಜೋರಾಗಿ ನಕ್ಕು, ‘ಆ ಹೆಂಗಸು ನನಗೆ ಗೊತ್ತು’ ಎಂದರು. ಸಾವಿರ ಕಿಲೋಮೀಟರ್ ದೂರದವರು, ಗೊತ್ತಿರಲು ಸಾಧ್ಯವೇ ಇಲ್ಲ.

ನವೆಂಬರ್ 11 ಸಂತ ಮಾರ್ತೀನೊ ದಿನ, ಹೊಸ ವೈನ್ ಪೀಪಾಯಿ ತೆರೆಯುವ ದಿನ. ಬೀದಿಯವರೆಲ್ಲ ಸೇರಿ ಪಿತ್ತುಲೆ ಕರಿಯುತ್ತಾರಂತೆ. ಹುದುಗಿಸಿದ ಹಿಟ್ಟನ್ನು ಕೈಯಿಂದ ಹಿಂಡಿ ಎಣ್ಣೆಗೆ ಬಿಡುವುದು, ನಮ್ಮ ಮಂಗಳೂರು ಬಜ್ಜಿಯ ಕ್ರಮವೇ. ಈ ಸಲ ಹಿಟ್ಟು ಕಲಸುವುದು ನನ್ನ ಪಾಲಿಗೆ ಬಂದಿದೆ. ಹತ್ತು ಕಿಲೋ ಮೈದಾ. ನಾನು ಈವರೆಗೆ ಕಲಸಿದ್ದು ಹೆಚ್ಚೆಂದರೆ ಎರಡು ಚಪಾತಿಗಾಗುವಷ್ಟು. ಕೈಗೆ ಅಂಟದ ಹಾಗೆ ಬಿಡುವುದು ಹೇಗೆ, ಯಾರಾದರೂ ಹೇಳುತ್ತೀರಾ?

ಕಡಲತಡಿ (ಮಂಗಳೂರು)

ಪಕ್ಕದಲ್ಲಿ ನೀರಿನ ಪಾತ್ರೆ ಇಟ್ಟುಕೊಳ್ಳಿ, ಪ್ರತಿ ಸಲ ಬೆರಳು ಅದ್ದಿ. ಹಿಟ್ಟನ್ನು ಬಡಿಯಬೇಕು, ನಾದಬಾರದು.

ಬೆರ್ಗಮೊ ಸೊಸೆ

ಮತ್ತೆ, ಅವರು ಹೇಳುವ ಮೊದಲೇ ಈರುಳ್ಳಿ ಬುಟ್ಟಿ ತೆಗೆದುಕೊಂಡು ಕೂತುಬಿಡಿ.